ಸಂಪರ್ಕರಹಿತ ಗಣಕಯಂತ್ರಗಳ ತಂತ್ರಾಂಶ ಪರಿಷ್ಕರಣ : ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿಟ್ಟರೆ ಅದು ಸುರಕ್ಷಿತವೆಂಬ ಅಭಿಪ್ರಾಯ ವಿದ್ಯಾವಂತರಲ್ಲಿಯೂ ಬಲವಾಗಿ ನೆಲೆಗೊಂಡಿದೆ. ಇದು ಚರಿತ್ರೆಯ ಪರೀಕ್ಷೆಗೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ನಾವು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಮೊದಲಿಗೆ ತಂತ್ರಾಂಶವೆಂಬುದು ಕೈಯಿಂದ ಕೈಗೆ ಸಾಗುವ ಸರಕೇ ಆಗಿದ್ದಿತು. 1978ರಲ್ಲಿ ಬರ್ಕಲಿಯ ಯುನಿಕ್ಸ್ ತಂತ್ರಾಂಶ ಇತರರಿಗೆ ದೊರೆತದ್ದು ಟೇಪಿನ ಸುರುಳಿಗಳಲ್ಲಿ. 1998ರಲ್ಲಿ ವಿಂಡೋಸ್ ಅಪ್‌ಡೇಟ್ ಆರಂಭವಾದ ತರುವಾಯ ತಿದ್ದುಪಡಿಗಳನ್ನು ಅಂತರ್ಜಾಲದಿಂದಲೇ ಪಡೆಯುವ ವಾಡಿಕೆ ಬೆಳೆಯಿತು. ಪ್ರತ್ಯೇಕವಾಗಿಟ್ಟ ಯಂತ್ರಗಳ ಪಾಲಿಗೆ ಹಳೆಯ ರೀತಿಯೇ ಉಳಿಯಿತು.

ಆ ರೀತಿಯ ಅಪಾಯವು ಇರಾನಿನ ನತಾಂಜ್ ಅಣುಕೇಂದ್ರದ ಪ್ರಕರಣದಲ್ಲಿ ಸ್ಪಷ್ಟವಾಗಿ ತೋರಿಬಂದಿತು. ಅಲ್ಲಿಯ ಯುರೇನಿಯಂ ಸಂವರ್ಧನ ಯಂತ್ರಗಳನ್ನು ಕೆಡಿಸಲು ರಚಿತವಾದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶವು 2010ರ ಜೂನ್‌ನಲ್ಲಿ ಬೆಲಾರುಸಿನ ತಜ್ಞರ ಕಣ್ಣಿಗೆ ಬಿದ್ದಿತು. ಅದರ ಮುಖ್ಯ ವಾಹನ ಪೆನ್ ಡ್ರೈವ್. ಅದರೊಳಗಿನ ಕಡತಗಳ ಚಿತ್ರಸಂಕೇತಗಳನ್ನು ಪರದೆಯ ಮೇಲೆ ಕಂಡಮಾತ್ರಕ್ಕೇ ಸೋಂಕು ತಗಲುತ್ತಿದ್ದಿತು, ಏನನ್ನೂ ಒತ್ತಬೇಕಾಗಿರಲಿಲ್ಲ! ಈ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2010ರ ಆಗಸ್ಟ್ 2ರಂದು ತಿದ್ದುಪಡಿಯನ್ನು ಹೊರಡಿಸಿತು. ಆದರೆ ವಿಂಡೋಸ್ 2000ಕ್ಕೆ ಸಲ್ಲುತ್ತಿದ್ದ ಬೆಂಬಲವು ಮೂರು ವಾರಗಳಷ್ಟು ಹಿಂದೆ, ಜುಲೈ 13ರಂದೇ, ನಿಂತುಹೋಗಿದ್ದುದರಿಂದ ಆ ಯಂತ್ರಗಳಿಗೆ ಇದು ದಕ್ಕಲಿಲ್ಲ. ಉಳಿದ ಸಂಪರ್ಕರಹಿತ ಯಂತ್ರಗಳಿಗಾದರೂ ಔಷಧವನ್ನು ಒಯ್ಯಬೇಕಾದ ವಾಹನ ಯಾವುದು? ಬಹುಮಟ್ಟಿಗೆ ರೋಗವನ್ನು ತಂದ ಅದೇ ಪೆನ್ ಡ್ರೈವ್. ಈ ವೈಷಮ್ಯಕ್ಕೆ ವಿದ್ವಾಂಸರು ಸಾಕಷ್ಟು ಗಮನ ಕೊಟ್ಟಿಲ್ಲವೆಂದು ನಮಗೆ ತೋರುತ್ತದೆ.

ಡೆಬಿಯನ್ ವ್ಯವಸ್ಥೆಯಲ್ಲಿ 2007ರಿಂದ ಡಿಜಿಟಲ್ ಸಹಿಯ ಪರಿಶೀಲನೆ ರೂಢಿಗೆ ಬಂದಿದೆ. ಒಳಗಿನ ಯಂತ್ರದಲ್ಲಿ ಬೇಕಾದ ಕಡತಗಳ ಪಟ್ಟಿಯನ್ನು ಸಿದ್ಧಪಡಿಸಿ, ಸಂಪರ್ಕವುಳ್ಳ ಬೇರೊಂದು ಯಂತ್ರದಲ್ಲಿ ಅವುಗಳನ್ನು ಇಳಿಸಿಕೊಂಡು ಹಿಂದಕ್ಕೆ ತರಬಹುದು; ನಡುವೆ ಯಾರಾದರೂ ಕೈಯಾಡಿಸಿದ್ದರೆ ಸಹಿ ತಾಳೆಯಾಗುವುದಿಲ್ಲ. ಕ್ರಮ ಶ್ಲಾಘನೀಯವಾದುದು. ಆದಾಗ್ಯೂ ಸಹಿಯು ಸಾರುವುದು ಕಡತದ ಮೂಲವನ್ನೇ ಹೊರತು ಅದನ್ನು ಹೊತ್ತು ತಂದ ಸಾಧನದ ಶುದ್ಧಿಯನ್ನಲ್ಲ. ನತಾಂಜ್ ಬಗೆಯ ಸೋಂಕು ಸಹಿಯನ್ನು ನೋಡುವುದಕ್ಕೂ ಮುನ್ನವೇ, ಸಾಧನವನ್ನು ತೆರೆದ ಕ್ಷಣದಲ್ಲಿಯೇ, ತಗಲುವಂತಹುದು. ಆದುದರಿಂದ ಒಮ್ಮೆ ಮಾತ್ರ ಬರೆಯಬಹುದಾದ ಸಿ.ಡಿ.ಯನ್ನು ಬಳಸಿ, ಅದನ್ನು ಮೊದಲು ಬೇರೊಂದು ತಪಾಸಣಾ ಯಂತ್ರದಲ್ಲಿ ಪರೀಕ್ಷಿಸಿ ಒಳಗೊಯ್ಯುವ ಪದ್ಧತಿಯೇ ಮೇಲೆಂದು ನಮ್ಮ ಮತ. ಅದು ನಿಧಾನವೆಂಬುದು ನಿಜ.

2010ರ ಆ ತಿದ್ದುಪಡಿಯೂ ಅಪೂರ್ಣವೆಂದು ಮುಂದೆ ತಿಳಿದುಬಂದು, 2015ರ ಮಾರ್ಚ್‌ನಲ್ಲಿ ಮತ್ತೊಂದನ್ನು ಹೊರಡಿಸಲಾಯಿತು. ಸಂಪರ್ಕರಹಿತ ಯಂತ್ರಗಳ ಪಾಲಕರು ಅದನ್ನೂ ಕೈಯಲ್ಲಿ ಹಿಡಿದೇ ಒಳಗೆ ಹೋಗಬೇಕಾಗಿದ್ದಿತು.