ಅರೆಹೊಟ್ಟೆಯ ದುಡಿಮೆ: ಆದವಾನಿ ಸೀಮೆಯ ಬರದ ಪಡಿ ಮತ್ತು ಆಹಾರ ಸೇವನೆಯ ಕಾಯಿಲೆಗಳು

1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೀಗಾಗಿ ಈ ಎರೆಸೀಮೆಯ ಹಸಿವಿನ ಚರಿತ್ರೆ ಇರುವುದು ಮದ್ರಾಸ್ ಪ್ರಾಂತ್ಯದ ಬಳ್ಳಾರಿಯ ಕಡತಗಳಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ (1876–78) ಸರ್ಕಾರ ಜನರನ್ನು ಪರಿಹಾರ ಕಾಮಗಾರಿಗಳಿಗೆ ಹಚ್ಚಿತು. 1877ರ ಆರಂಭದಲ್ಲಿ, ಬರದ ಉಸ್ತುವಾರಿಗೆ ಭಾರತ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ದುಡಿಯುವ ಗಂಡಾಳಿನ ಪಡಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಇಳಿಸಿದ. ಮೇಲೆ ಒಂದಿಷ್ಟು ಚಿಲ್ಲರೆ ಕಾಸು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದನ್ನು ವಿರೋಧಿಸಿದ. ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕು, ಅದರಲ್ಲೂ ಮೈಮುರಿದು ದುಡಿಯುವವರಿಗೆ ಎಂಬುದು ಅವನ ವಾದ. ಮಾರ್ಚಿನಲ್ಲಿ ಸರ್ಕಾರ ಅರ್ಧದಾರಿಗೆ ಬಂದು 570 ಗ್ರಾಂ ಧಾನ್ಯ, 43 ಗ್ರಾಂ ಬೇಳೆ ಕೊಟ್ಟಿತು.

ಟೆಂಪಲ್‌ನ ಪಡಿಯನ್ನು ಜೋಳವೆಂದು ಎಣಿಸಿದರೆ ಸಿಗುವುದು ಸುಮಾರು 1,500 ಕ್ಯಾಲೊರಿ. 1945ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಹಸಿವಿನ ಪ್ರಯೋಗಕ್ಕೆಂದು 36 ಮಂದಿ ಆರೋಗ್ಯವಂತ ಗಂಡಸರಿಗೆ 24 ವಾರ ಉಣಿಸಿದ್ದೂ ಹೆಚ್ಚುಕಡಿಮೆ ಇಷ್ಟೇ. ವಾರಕ್ಕೆ 35 ಕಿ.ಮೀ. ನಡೆಸಿದ್ದು ಬೇರೆ. ಅವರು ತೂಕದಲ್ಲಿ ಸುಮಾರು ಕಾಲುಭಾಗ ಕಳೆದುಕೊಂಡರು. ನಾಡಿ ನಿಧಾನವಾಯಿತು, ಕಾಲು ಬಾತವು, ಮನಸ್ಸು ಮಂಕಾಯಿತು. ನನಗೆ ಮುಖ್ಯವೆನಿಸುವುದು ಬೇರೆಯೇ: ಹಿಂದೆ ಅಡುಗೆಯ ಗೋಜಿಗೆ ಹೋಗದವರೂ ಪಾಕಪುಸ್ತಕ ಓದುತ್ತ, ತಟ್ಟೆಯ ಮುಂದೆ ಹೊತ್ತುಗಟ್ಟಲೆ ಕೂರತೊಡಗಿದರು. ಹಾಗಾಗಿ, ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ ಎಂಬ ಕಾಯಿಲೆಯ ರೋಗಿಯ ‘ಹಟ’ ಎಂದು ಮನೆಯವರು ಬೈಯುವ ನಡವಳಿಕೆಯಲ್ಲಿ ಒಂದು ಪಾಲಾದರೂ ಹಸಿವೇ ಹುಟ್ಟಿಸಿದ್ದು. ಬರದ ಕೂಲಿಗೆ ಆಯ್ಕೆಯಿರಲಿಲ್ಲ; ರೋಗಿಗೆ ಇದೆಯೆಂದು ನಮಗೆ ತೋರುತ್ತದೆ, ಅಷ್ಟೇ. ಉಂಡದ್ದನ್ನು ಕರಗಿಸಲು ಜ್ವರದಲ್ಲೂ ಓಡುವವರ ವ್ಯಾಯಾಮ ಶಿಸ್ತಲ್ಲ, ಕಾಯಿಲೆಯ ಅಂಗ.

ಹಸಿವು ಬರದಿಂದಲೋ ಕಾಯಿಲೆಯಿಂದಲೋ ಎಂಬುದು ದೇಹಕ್ಕಂತೂ ಗೊತ್ತಾಗುವುದಿಲ್ಲ. ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ; ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ತೀರ ಸೊರಗಿದವರಿಗೆ ಒಮ್ಮೆಲೇ ಉಣಿಸಿದರೆ ರಕ್ತದ ಫಾಸ್ಫೇಟ್ ಇಳಿದು ಪ್ರಾಣಕ್ಕೇ ಕುತ್ತು. ಇನ್ನು, ಇದೇ ಸೀಮೆಯ ಮಂತ್ರಾಲಯದ ಆಸುಪಾಸಿನಲ್ಲಿ ಏಕಾದಶಿ, ಗುರುವಾರಗಳ ಉಪವಾಸ ಸಹಜವಾದ್ದರಿಂದ ವ್ರತದ ಮರೆಯಲ್ಲಿ ಕಾಯಿಲೆ ಅಡಗಿದರೂ ಯಾರಿಗೂ ಅನುಮಾನ ಬಾರದು.

ದುಡಿಮೆಗೆ ತಕ್ಕ ಊಟವಿಲ್ಲದ ಸ್ಥಿತಿ ಆಟದ ಬಯಲಿನಲ್ಲೂ ಇದೆ: 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕ್ರೀಡಾಪಟುಗಳ ಶಕ್ತಿಕೊರತೆಯನ್ನು ಗಂಡು ಹೆಣ್ಣೆನ್ನದೆ ಗುರುತಿಸಿತು. ಅದರ ಅಳತೆ ಕಾರ್ನಿಶ್‌ನ ವಾದವನ್ನೇ ನೆನಪಿಸುತ್ತದೆ: ಉಂಡದ್ದರಲ್ಲಿ ದುಡಿಮೆಗೆ ಹೋದದ್ದನ್ನು ಕಳೆದು, ಉಳಿದದ್ದು ಮೈಗೆ ಸಾಕೇ ಎಂದು ನೋಡುವುದು. ಪೊಲೀಸ್ ಭರ್ತಿಗೆಂದು ಮುಂಜಾನೆ ಓಡುವ ಹುಡುಗಿಯನ್ನು ಸ್ಥಳೀಯ ವೈದ್ಯರು ಮೊದಲು ಕೇಳಬೇಕಾದ್ದು ಓಟದ ವೇಗವನ್ನಲ್ಲ, ಕಳೆದ ತಿಂಗಳು ಮುಟ್ಟಾಯಿತೇ ಎಂದು.