ವೈಜ್ಞಾನಿಕ ಕಥೆಗಾರರು ಮತ್ತು ಚಿತ್ರಕಾರರು: ಅಮೆರಿಕದಲ್ಲಿ ವೃತ್ತಿಯ ಇತಿಹಾಸ

ಅಮೆರಿಕದಲ್ಲಿ ವೈಜ್ಞಾನಿಕ ಕಥೆಗೆ ತನ್ನದೇ ಆದ ಮಾರುಕಟ್ಟೆ ಸಿಕ್ಕಿದ್ದು 1926ರ ಏಪ್ರಿಲ್‌ನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ 'ಅಮೇಜಿಂಗ್ ಸ್ಟೋರೀಸ್' ಮಾಸಪತ್ರಿಕೆಯನ್ನು ಹೊರತಂದಾಗ. ಮಾರುಕಟ್ಟೆ ಸಿಕ್ಕಿತೇ ಹೊರತು ಅದರಿಂದ ಸಂಸಾರ ನಡೆಯುತ್ತಿರಲಿಲ್ಲ. ಗರ್ನ್ಸ್‌ಬ್ಯಾಕ್ ಸಂಭಾವನೆ ಕೊಡುವುದರಲ್ಲಿ ಎಷ್ಟು ಜಿಪುಣನೆಂದರೆ, ದೊಡ್ಡ ಕಥೆಯೊಂದಕ್ಕೆ 25 ಡಾಲರ್ ಪಡೆದ ಎಚ್. ಪಿ. ಲವ್‌ಕ್ರಾಫ್ಟ್ ಆತನಿಗೆ 'ಇಲಿ' ಎಂದೇ ಹೆಸರಿಟ್ಟಿದ್ದ. ಮುಂದೆ ದರ ಪದಕ್ಕೊಂದು ಸೆಂಟ್‌ಗೆ ಏರಿತು. 1939ರಲ್ಲಿ ಅಚ್ಚಾದ ಮೊದಲ ಕಥೆಗಳಿಗೆ ಐಸಾಕ್ ಅಸಿಮೋವ್‌ಗೆ 64, ರಾಬರ್ಟ್ ಹೈನ್‌ಲೈನ್‌ಗೆ 70 ಡಾಲರ್ ಬಂದವು. ಹೀಗಾಗಿ ಬಹುಪಾಲು ಲೇಖಕರಿಗೆ ಹೊಟ್ಟೆಪಾಡಿಗೆ ಬೇರೊಂದು ಕೆಲಸ ಬೇಕೇ ಬೇಕಿತ್ತು. ಇದನ್ನು ಬಡತನದ ಕಥೆಯೆಂದಷ್ಟೇ ಓದುವುದು ವಾಡಿಕೆ. ಆದರೆ ಈ ಸಾಹಿತ್ಯಕ್ಕೆ ಮೈಕಟ್ಟು ಬಂದದ್ದೇ ಆ ಬೇರೆ ಕೆಲಸಗಳಿಂದ.

ಅಸಿಮೋವ್‌ನ 'ರನ್‌ಅರೌಂಡ್' (1942) ಕಥೆಯನ್ನೇ ನೋಡಬಹುದು. ರೋಬಾಟ್‌ಗಳ ಮೂರು ನಿಯಮಗಳು ಸ್ಪಷ್ಟವಾಗಿ ಬರುವುದು ಇದರಲ್ಲಿಯೇ. ಬುಧಗ್ರಹದಲ್ಲಿ ಸೆಲೆನಿಯಂ ತರಲು ಹೋದ ರೋಬಾಟ್ ಹಿಂತಿರುಗದೆ ಅದರ ಮಡುವನ್ನು ಸುತ್ತುತ್ತಲೇ ಇರುತ್ತದೆ. ಆಜ್ಞೆ ಪಾಲಿಸುವ ಒತ್ತಡ ಒಳಕ್ಕೆ ಎಳೆಯುತ್ತದೆ, ತನ್ನನ್ನು ಕಾಪಾಡಿಕೊಳ್ಳುವ ಒತ್ತಡ ಹೊರಕ್ಕೆ ತಳ್ಳುತ್ತದೆ, ಎರಡೂ ಸಮವಾದ ದೂರದಲ್ಲಿ ಯಂತ್ರ ಸಿಕ್ಕಿಬಿದ್ದಿದೆ. ರಾಸಾಯನಿಕ ಸಮತೋಲನವನ್ನು ದಿನವೂ ಅಭ್ಯಾಸ ಮಾಡುವವನಿಗೆ ಹೊಳೆಯುವ ಕಥಾವಸ್ತುವಿದು. ಆಗ ಅಸಿಮೋವ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿ. ಕ್ಷಯದಿಂದಾಗಿ 1934ರಲ್ಲಿ ನೌಕಾಪಡೆಯಿಂದ ನಿವೃತ್ತನಾದ ಹೈನ್‌ಲೈನ್‌ನ ನಾಯಕರು ಶಿಸ್ತುಗಾರರು, ಕೈಕೆಲಸ ಬಲ್ಲವರು. ಯುದ್ಧಕಾಲದಲ್ಲಿ ಇವರಿಬ್ಬರೂ ಫಿಲಡೆಲ್ಫಿಯಾದ ನೌಕಾ ಕಾರ್ಯಾಗಾರದಲ್ಲಿ ಜೊತೆಗೇ ದುಡಿದರು.

ಚಿತ್ರಕಾರರಲ್ಲಿ ಈ ನಂಟು ಇನ್ನೂ ಢಾಳಾಗಿದೆ. ಗರ್ನ್ಸ್‌ಬ್ಯಾಕ್‌ನ ಮುಖಪುಟಗಳನ್ನು ಬರೆದ ಫ್ರಾಂಕ್ ಆರ್. ಪಾಲ್ ವಾಸ್ತುಶಿಲ್ಪ ಕಲಿತವನು. ಆತನ ನಗರಗಳು, ಯಂತ್ರಗಳು ಭವ್ಯವಾಗಿರುತ್ತವೆ, ಮನುಷ್ಯರು ಮಾತ್ರ ಮರದ ಗೊಂಬೆಗಳು. ಚೆಸ್ಲಿ ಬೋನ್‌ಸ್ಟೆಲ್ (1888–1986) ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ವಿನ್ಯಾಸದಲ್ಲಿ ಕೆಲಸ ಮಾಡಿ, ಹಾಲಿವುಡ್‌ನಲ್ಲಿ 'ಸಿಟಿಜನ್ ಕೇನ್' ಮೊದಲಾದ ಚಿತ್ರಗಳಿಗೆ ಹಿನ್ನೆಲೆ ದೃಶ್ಯ ಬರೆದವನು. 1944ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಉಪಗ್ರಹಗಳಿಂದ ಶನಿ ಕಾಣುವ ಬಗೆಯನ್ನು ಚಿತ್ರಿಸಿದಾಗ, ದೂರ ಮತ್ತು ಗಾತ್ರಗಳನ್ನು ಲೆಕ್ಕ ಹಾಕಿ ಕೋನ ನಿರ್ಧರಿಸಿದ. ಓದುಗರಿಗೆ ಅವು ಫೋಟೋಗಳಂತೆ ಕಂಡದ್ದು ಅದಕ್ಕೇ. ಲೆಕ್ಕ ಸರಿಯಿದ್ದ ಮಾತ್ರಕ್ಕೆ ಊಹೆಯೂ ಸರಿಯಾಗಬೇಕೆಂದಿಲ್ಲ: ಆತ ಬರೆದ ಚಂದ್ರನ ಬೆಟ್ಟಗಳು ಚೂಪು, ಅಪೋಲೊ ಯಾನಿಗಳು ಕಂಡವು ನುಣುಪಾದ ದಿಬ್ಬಗಳು.

ಇದೆಲ್ಲ 'ಅಸ್ಟೌಂಡಿಂಗ್' ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್‌ನ ಅಭಿರುಚಿಯ ಫಲ ಎಂದು ವಾದಿಸಬಹುದು. ಭೌತಶಾಸ್ತ್ರ ಓದಿದ್ದ ಆತ ಲೇಖಕರಿಂದ ಇಂಥದ್ದನ್ನೇ ಬಯಸಿದ್ದು ನಿಜ. ಆದರೆ ಪಾಲ್‌ನ ಮುಖಪುಟಗಳು ಆತನಿಗಿಂತ ಹತ್ತು ವರ್ಷ ಮೊದಲಿನವು, ಬೋನ್‌ಸ್ಟೆಲ್‌ಗೆ ಹೆಸರು ಬಂದದ್ದು ಬೇರೆ ಪತ್ರಿಕೆಗಳಿಂದ. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಬೀದಿಯಲ್ಲಿ ದಿನಪತ್ರಿಕೆ ಮಾರುತ್ತಿದ್ದ ರೇ ಬ್ರಾಡ್‌ಬರಿಗೂ ಅಂಗಡಿ ನೌಕರ ಫಿಲಿಪ್ ಕೆ. ಡಿಕ್‌ಗೂ ವಿಜ್ಞಾನದ ಕೆಲಸವೇ ಇರಲಿಲ್ಲವಲ್ಲ ಎಂಬುದು. ಬ್ರಾಡ್‌ಬರಿಯ ಮಟ್ಟಿಗೆ ಈ ಮಾತನ್ನು ಒಪ್ಪಬೇಕು. ಆತನ ಮಂಗಳಗ್ರಹ ಖಗೋಳಶಾಸ್ತ್ರಕ್ಕೆ ಸೊಪ್ಪು ಹಾಕುವುದಿಲ್ಲ. ಡಿಕ್‌ನ ವಿಷಯ ಹಾಗಲ್ಲ. ಬರ್ಕ್ಲಿಯ ರೇಡಿಯೋ ಮತ್ತು ಗ್ರಾಮಫೋನ್ ತಟ್ಟೆಗಳ ಅಂಗಡಿಗಳಲ್ಲಿ ದುಡಿದ ಆತನ ನಾಯಕರು ರಿಪೇರಿಯವರು, ಸಣ್ಣ ವ್ಯಾಪಾರಿಗಳು. 'ಮಾರ್ಷಿಯನ್ ಟೈಮ್-ಸ್ಲಿಪ್' (1964) ಕಾದಂಬರಿಯ ಜ್ಯಾಕ್ ಬೋಲೆನ್ ಮಂಗಳದಲ್ಲೂ ಯಂತ್ರ ರಿಪೇರಿಯನ್ನೇ ಮಾಡುತ್ತಾನೆ. ಕೆಲಸ ವಿಜ್ಞಾನದ್ದೇ ಆಗಿರಬೇಕಿಲ್ಲ, ಕೆಲಸವೆಂಬುದೊಂದು ಇದ್ದರೆ ಸಾಕಿತ್ತು.

ಅಂಗಡಿ ಬಿಟ್ಟು ಬರಹವನ್ನೇ ನಂಬಿದ ಡಿಕ್ ಅಗ್ಗದ ಪುಸ್ತಕಗಳ ಸಂಭಾವನೆಯಲ್ಲಿ ಬಹುಕಾಲ ಕಷ್ಟಪಟ್ಟ. ಆತ ತೀರಿಕೊಂಡದ್ದು 1982ರ ಮಾರ್ಚ್‌ನಲ್ಲಿ; ಆತನ ಕಾದಂಬರಿ ಆಧರಿಸಿದ 'ಬ್ಲೇಡ್ ರನ್ನರ್' ತೆರೆಕಂಡದ್ದು ಅದೇ ಜೂನ್‌ನಲ್ಲಿ.