ಹ್ಯಾಂಡಲ್‌ನಿಂದ ಚಿಪ್ ಕೀವರೆಗೆ: ಹೊಸ ಸ್ವಿಚ್ ಹಾಕಿದ ಮೇಲೆ ಹಳೇ ಗಾಡಿ ಯಾಕೆ ಸ್ಟಾರ್ಟ್ ಆಗಲ್ಲ?

ಬ್ಯಾಟರಿ ಚೆನ್ನಾಗಿದೆ, ಡೀಸೆಲ್ ಇದೆ, ಕೀ ಸ್ವಿಚ್ ಹೊಸದು. ಆದರೂ ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಅರಸೀಕೆರೆ ಮಾರುಕಟ್ಟೆಗೆ ಕೊಬ್ಬರಿ ಹೊರುವ ಹಳೇ ಪಿಕಪ್ ಇರಲಿ, ಬೇಲೂರು–ಹಳೇಬೀಡು ನಡುವೆ ಪ್ರವಾಸಿಗರನ್ನು ಸುತ್ತಿಸುವ ಹಳೇ ಕಾರಿರಲಿ, ದೂರು ಒಂದೇ. ಇಂಥ ಹೊತ್ತಿನಲ್ಲಿ ಗಾಬರಿಯಾಗಿ ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರ್ ಬದಲಾಯಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವವರಿದ್ದಾರೆ. ಅದಕ್ಕೂ ಮೊದಲು ಕೀ ಸ್ವಿಚ್ಚಿನ ಚರಿತ್ರೆ ತಿಳಿದುಕೊಳ್ಳುವುದು ಒಳ್ಳೆಯದು ಎನ್ನುತ್ತೇವೆ ನಾವು. ಅಂಗೈಯಲ್ಲಿ ಹಿಡಿಸುವ ಆ ಸಾಮಾನಿನೊಳಗೆ ನೂರು ವರ್ಷಗಳಲ್ಲಿ ಒಂದರ ಮೇಲೊಂದು ಕೆಲಸ ಸೇರಿಕೊಂಡಿದೆ. ಯಾವ ಕಾಲದಲ್ಲಿ ಸೇರಿದ ಕೆಲಸ ನಿಂತಿದೆ ಎಂದು ಗೊತ್ತಾದರೆ ದೋಷ ಅರ್ಧ ಸಿಕ್ಕಂತೆಯೇ.

ಮೊದಮೊದಲು ಗಾಡಿ ಸ್ಟಾರ್ಟ್ ಮಾಡುತ್ತಿದ್ದದ್ದು ರಟ್ಟೆ. ಎಂಜಿನ್ ಮುಂದೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು. ಎಂಜಿನ್ ಉಲ್ಟಾ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅದಕ್ಕೇ ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತದೆ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಂಡು ಮೇಲಕ್ಕೆ ಎಳೆಯಬೇಕೆಂಬ ನಿಯಮವಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸೀಮೆಯ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡಿದವು. ಆಗಂತೂ ಕೆಂಡ ಮಾಡಿ, ಕೈಯಿಂದ ಗಾಳಿಚಕ್ರ ತಿರುಗಿಸಿ, ಗ್ಯಾಸ್ ಕಟ್ಟುವ ತನಕ ಕಾಯಬೇಕಿತ್ತು. ಅಜ್ಜಂದಿರು ಈಗಲೂ ಆ ಕಥೆ ಹೇಳುತ್ತಾರೆ.

ರಟ್ಟೆಯ ಕೆಲಸವನ್ನು ಮೋಟಾರಿಗೆ ಕೊಟ್ಟವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅಂಗಡಿಗಳ ಕ್ಯಾಶ್ ಯಂತ್ರಕ್ಕೆ ಸಣ್ಣ ಮೋಟಾರ್ ಜೋಡಿಸಿದ್ದವರು ಅವರೇ. ಸ್ವಲ್ಪ ಹೊತ್ತು ಮಾತ್ರ ಜೋರಾಗಿ ತಿರುಗುವ ಮೋಟಾರ್ ಆದರೆ ಸಾಕು ಎಂಬುದು ಅಲ್ಲಿಂದ ಹೊಳೆದದ್ದು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು. ಆದರೂ ಬಹಳ ವರ್ಷ ಸ್ಟಾರ್ಟ್ ಮಾಡುವುದಕ್ಕೂ ಕೀಗೂ ಸಂಬಂಧ ಇರಲಿಲ್ಲ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಸೆಲ್ಫ್ ಸ್ವಿಚ್ ಇದ್ದದ್ದು ಕಾಲಡಿಯಲ್ಲಿ. ಕೀ ಇದ್ದ ಜಾಗಕ್ಕೂ ನಂತರ ಬರೀ ತಿರುಗಿಸುವ ಹಿಡಿ ಬಂತು. ಅದೇ ವಿಲ್ಲಿಸ್ ಜೀಪನ್ನು ಮಹೀಂದ್ರ 1947ರಿಂದ ನಮ್ಮಲ್ಲಿ ಜೋಡಿಸಲು ಶುರುಮಾಡಿತು. ಬೇಲೂರಿನಿಂದ ಆಚೆ ತೋಟಗಳಲ್ಲಿ ಓಡುವ ಜೀಪುಗಳಿಗೆ ಅದೇ ಮೂಲ.

ಒಂದೇ ಕೀ ತಿರುಗಿಸಿದರೆ ಎಂಜಿನ್ನಿಗೆ ಕರೆಂಟೂ ಹೋಗಬೇಕು, ಸೆಲ್ಫೂ ಹೊಡೆಯಬೇಕು ಎಂಬ ಏರ್ಪಾಡನ್ನು 1949ರಲ್ಲಿ ಕ್ರೈಸ್ಲರ್ ತಂದಿತು. ಇಂದಿನ ತಲೆನೋವು ಹುಟ್ಟಿದ್ದು ಅಲ್ಲೇ. ಎರಡು ಕೆಲಸ ಒಂದು ಸ್ವಿಚ್ಚಿನಲ್ಲಿ ಸೇರಿದ್ದರಿಂದ, ಹೊಸ ಸ್ವಿಚ್ ಒಂದನ್ನು ಮಾಡಿ ಇನ್ನೊಂದನ್ನು ಬಿಡಬಹುದು.

ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಸ್ವಿಚ್ ಬದಲಾಯಿಸುವಾಗ ಬಿಚ್ಚಿದ ಬ್ಯಾಟರಿ ಟರ್ಮಿನಲ್ ಬಿಗಿಯಾಗಿದೆಯೇ, ಫ್ಯೂಸ್ ಸುಟ್ಟಿದೆಯೇ ನೋಡಿ. ಎಷ್ಟೋ ಕೇಸು ಅಲ್ಲಿಗೇ ಮುಗಿಯುತ್ತದೆ. ಸೆಲ್ಫ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ, ಅಷ್ಟನ್ನು ಕೀ ಸ್ವಿಚ್ ತಡೆಯಲ್ಲ. ಸ್ವಿಚ್ ಬರೀ ಸೊಲೆನಾಯ್ಡಿಗೆ ಅಪ್ಪಣೆ ಕೊಡುತ್ತದೆ, ದೊಡ್ಡ ಕರೆಂಟನ್ನು ಬಿಡುವುದು ಸೊಲೆನಾಯ್ಡ್. ಕೀ ತಿರುಗಿಸಿದಾಗ ಜೋರಾಗಿ ‘ಟಕ್’ ಅಂದು ಸುಮ್ಮನಾದರೆ ಅಪ್ಪಣೆ ತಲುಪಿದೆ ಎಂದರ್ಥ. ಬ್ಯಾಟರಿ, ಅರ್ಥ್ ವೈರ್, ಸೆಲ್ಫ್ ಮೋಟಾರ್ ಕಡೆ ನೋಡಿ. ಸದ್ದೇ ಇಲ್ಲದಿದ್ದರೆ ಸೊಲೆನಾಯ್ಡಿನ ಸಣ್ಣ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಒಬ್ಬರಿಂದ ಕೀ ತಿರುಗಿಸಿ. ಲ್ಯಾಂಪ್ ಹತ್ತದಿದ್ದರೆ ಸ್ವಿಚ್ಚೋ ವೈರಿಂಗೋ ತಪ್ಪಾಗಿದೆ. ಕೆಲವು ಟ್ರ್ಯಾಕ್ಟರುಗಳಲ್ಲಿ ಕ್ಲಚ್ ತುಳಿಯದಿದ್ದರೂ ಹೀಗಾಗುತ್ತದೆ.

ಸ್ಕ್ರೂಡ್ರೈವರಿನಿಂದ ಸೆಲ್ಫ್ ಶಾರ್ಟ್ ಮಾಡುವುದು ಮಾತ್ರ ಬೇಡ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಎದ್ದು, ಪಕ್ಕದಲ್ಲಿ ನಿಂತವರ ಮೇಲೇ ಹರಿದ ಸಾವುಗಳು ಎಲ್ಲ ದೇಶಗಳಲ್ಲೂ ಇವೆ.

ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಎದ್ದಂತಾಗುತ್ತದೆ, ಕೀ ಬಿಟ್ಟ ತಕ್ಷಣ ನಿಂತುಹೋಗುತ್ತದೆ. ಹಳೇ ಪೆಟ್ರೋಲ್ ಕಾರಿನಲ್ಲಿ ಇದು ಬಲವಾದ ಸುಳಿವು: ಸ್ಟಾರ್ಟ್ ಜಾಗದಲ್ಲಿ ಕಾಯಿಲಿಗೆ ಕರೆಂಟ್ ಬರುತ್ತಿದೆ, ರನ್ ಜಾಗದಲ್ಲಿ ಇಲ್ಲ. ಇದರ ಉಲ್ಟಾವೂ ಉಂಟು. ಕೀ ಬಿಡುವ ಗಳಿಗೆಯಲ್ಲಷ್ಟೇ ಎಂಜಿನ್ ಕೆಮ್ಮಿದರೆ, ಸೆಲ್ಫ್ ಹೊಡೆಯುವಾಗ ಕಾಯಿಲಿನ ಕರೆಂಟ್ ತಪ್ಪುತ್ತಿದೆ. ಡೀಸೆಲ್ ಗಾಡಿಗೆ ಸ್ಪಾರ್ಕ್ ಬೇಕಿಲ್ಲ, ಆದರೆ ಹಲವು ಗಾಡಿಗಳ ಪಂಪಿನ ಮೇಲೆ ಡೀಸೆಲ್ ಬಿಡುವ ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅಲ್ಲಿ ಸಣ್ಣ ‘ಟಿಕ್’ ಕೇಳಬೇಕು. ಕೇಳದಿದ್ದರೆ ಸಂಜೆವರೆಗೆ ಸೆಲ್ಫ್ ಹೊಡೆದರೂ ಪ್ರಯೋಜನವಿಲ್ಲ.

ಬೈಕುಗಳದು ಬೇರೆಯದೇ ಕಥೆ. ಮೈಸೂರಿನಲ್ಲಿ 1960ರಲ್ಲಿ ಶುರುವಾದ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಬಾಗಿಲು ಹಾಕಿತು, ಅದರ ಗಾಡಿಗಳು ಇನ್ನೂ ಓಡುತ್ತಿವೆ. ಹಳೇ ಜಾವಾದ ಕೀ ಒಳಗೆ ಒತ್ತುವ ಕಡ್ಡಿಯಂಥದ್ದು. ಕೀ ಕಳೆದರೆ ಮೊಳೆ ಹಾಕಿ ಗಾಡಿ ಓಡಿಸಿದವರ ಕಥೆ ಜಾವಾ ಪ್ರೇಮಿಗಳೆಲ್ಲರ ಬಾಯಲ್ಲಿದೆ. ಅದರಲ್ಲಿ ಬ್ಯಾಟರಿಯಿಂದ ಕಾಯಿಲಿಗೆ ಕರೆಂಟ್. ಕೀ ಹಾಕಿದರೆ ವೈರ್ ಸೇರುತ್ತದೆ, ತೆಗೆದರೆ ಬಿಡುತ್ತದೆ. ಮ್ಯಾಗ್ನೆಟೋ ಇರುವ ಮೊಪೆಡ್‌ಗಳಲ್ಲಿ, ಹಲವು ಹಳೇ ಸಿಡಿಐ ಬೈಕುಗಳಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಎಂಜಿನ್ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದನ್ನು ನಿಲ್ಲಿಸಬೇಕಾದರೆ ಆ ಕರೆಂಟನ್ನು ಬಾಡಿಗೆ ಅರ್ಥ್ ಮಾಡಬೇಕು. ಅಂದರೆ ಕೀ ಆಫ್ ಇದ್ದಾಗ ವೈರ್ ಸೇರುತ್ತದೆ, ಆನ್ ಆದಾಗ ಬಿಡುತ್ತದೆ!

ಒಂದು ಜಾತಿಯ ಬೈಕಿಗೆ ಇನ್ನೊಂದು ಜಾತಿಯ ಸ್ವಿಚ್ ಹಾಕಿದರೆ ಕೀ ಆನ್ ಮಾಡಿದಾಗಲೇ ಎಂಜಿನ್ ಸಾಯುತ್ತದೆ. ಮ್ಯಾಗ್ನೆಟೋ ಗಾಡಿಯಾದರೆ ಪರೀಕ್ಷೆ ಸುಲಭ. ಸ್ವಿಚ್ಚಿನ ಸಾಕೆಟ್ ಕಳಚಿ ಕಿಕ್ ಹೊಡೆಯಿರಿ. ಎದ್ದರೆ ತಪ್ಪು ಸ್ವಿಚ್ಚಿನದೇ.

ವೈರ್ ಗುರುತುಗಳಲ್ಲೂ ಎರಡು ದೇಶಗಳ ಚರಿತ್ರೆ ಇದೆ. ಬ್ರಿಟಿಷ್ ಲೂಕಾಸ್ ಪದ್ಧತಿಯಲ್ಲಿ ಬಣ್ಣವೇ ಭಾಷೆ: ಕಂದು ಬ್ಯಾಟರಿಯಿಂದ, ಬಿಳಿ ಇಗ್ನಿಷನ್ನಿಗೆ, ಬಿಳಿ–ಕೆಂಪು ಸೆಲ್ಫಿಗೆ. ಜರ್ಮನ್ ಪದ್ಧತಿಯಲ್ಲಿ ನಂಬರ್: 30 ಬ್ಯಾಟರಿ, 15 ಇಗ್ನಿಷನ್, 50 ಸೆಲ್ಫ್. ಜಪಾನ್ ಮೂಲದ ಗಾಡಿಗಳ ಸ್ವಿಚ್ ಮೇಲೆ ಬಿ, ಐಜಿ, ಎಸ್‌ಟಿ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಹೆಸರು ಮೂರು, ಕೆಲಸ ಒಂದೇ. ಇಪ್ಪತ್ತು ವರ್ಷದಲ್ಲಿ ನಾಲ್ಕು ಕೈ ಕಂಡ ಗಾಡಿಯಲ್ಲಿ ಬಣ್ಣವನ್ನು ಪೂರ್ತಿ ನಂಬಬೇಡಿ. ಕೈಗೆ ಸಿಕ್ಕ ವೈರನ್ನೇ ಜೋಡಿಸಿರುತ್ತಾರೆ. ಹಳೇ ಸ್ವಿಚ್ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಎಲ್ಲ ಸಲೀಸು.

ಕೊನೆಯದಾಗಿ ಸೇರಿದ್ದು ಚಿಪ್. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು, ನಂತರ ನಮ್ಮ ಕಾರುಗಳಿಗೂ ಬಂತು. ಕೀಯ ತಲೆಯೊಳಗಿನ ಚಿಪ್ಪನ್ನು ಗಾಡಿ ಗುರುತು ಹಿಡಿದರಷ್ಟೇ ಎಂಜಿನ್ ಓಡುತ್ತದೆ. ಸ್ವಿಚ್ ಜೊತೆ ಬಂದ ಹೊಸ ಕೀಯಲ್ಲಿ ಆ ಚಿಪ್ ಇರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ, ಹಳೇ ಕೀಯನ್ನು ಸ್ವಿಚ್ಚಿಗೆ ತಾಗಿಸಿ ಹಿಡಿದು ಹೊಸ ಕೀ ತಿರುಗಿಸಿ. ಎದ್ದರೆ ರೋಗ ಗೊತ್ತಾಯಿತು. ಚಿಪ್ ಕೋಡಿಂಗ್ ಮಾಡುವವರ ಹತ್ತಿರ ಹೋಗಿ, ಸೆಲ್ಫ್ ಬಿಚ್ಚಿಸಬೇಡಿ.

ಇನ್ನು ಅಂಗಡಿಯಲ್ಲಿ ‘ಅದೇ ನಂಬರಿನ ಸ್ವಿಚ್, ಕಣ್ಣು ಮುಚ್ಚಿ ಹಾಕಿ’ ಅಂದರೆ ಜನರಲ್ ಮೋಟಾರ್ಸ್ ಕಥೆ ನೆನಪಿರಲಿ. ಅಮೆರಿಕದ ಈ ಕಂಪನಿಯ ಕೋಬಾಲ್ಟ್ ಮುಂತಾದ ಕಾರುಗಳಲ್ಲಿ ಕೀ ಸ್ವಿಚ್ ಓಡುವಾಗಲೇ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. 2006ರಲ್ಲಿ ಸ್ವಿಚ್ ಸರಿಪಡಿಸಿದರು, ಆದರೆ ಪಾರ್ಟ್ ನಂಬರ್ ಬದಲಾಯಿಸಲಿಲ್ಲ. ಹಳೆಯದೂ ಹೊಸದೂ ಒಂದೇ ನಂಬರಿನಲ್ಲಿ ಓಡಾಡಿದ್ದರಿಂದ ದೋಷ ಹುಡುಕುವವರಿಗೆ ವರ್ಷಗಳ ಕಾಲ ದಾರಿ ತಪ್ಪಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆದರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಹಳೇ ಸ್ವಿಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಹಿಂಭಾಗದ ಪಿನ್ನುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ, ಆಮೇಲೆ ದುಡ್ಡು ಕೊಡಿ.